ಕಮಲನ ಕೈಗೆ ನಾನಿಟ್ಟ ರೋಗದ ಹೆಸರು

ಕಮಲಾ, ನಿನ್ನ ಕೈಗೆ ಯಾವ ರೋಗವೂ ಇರಲಿಲ್ಲ. ಅದು ನನ್ನ ಮನೆಯ ಆ್ಯಸಿಡ್ ಮಾಡಿದ ಕೆಲಸ. ಗೊತ್ತಿದ್ದೇ ನಾನು ಸುಳ್ಳು ಹೇಳಿದೆ.

ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಆದರೆ ಇದನ್ನು ಬಾಯಲ್ಲಿ ಹೇಳಹೋದರೆ ಅಳು ಬಂದು ಅರ್ಧಕ್ಕೇ ನಿಲ್ಲುತ್ತದೆ — ಅದಕ್ಕೆ ನಾಲ್ಕನೇ ಕ್ಲಾಸಿನವರೆಗೆ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿನ್ನ ಮಗಳು ಓದಿ ಹೇಳಲಿ. ಅವಳಿಗೂ ಗೊತ್ತಾಗಲಿ.

ನಾನು ಅಜ್ಜಿಯಾಗಿದ್ದೇನೆ. ಆರು ದಿನದ ಹೆಣ್ಣುಕೂಸು. ಆಕಳಿಸಿದರೆ ಮುಖವೆಲ್ಲ ಬಾಯಿಯೇ. ಸಂತೋಷದಲ್ಲಿ ನನಗೆ ಊಟ ಸೇರುತ್ತಿಲ್ಲ. ನಿನ್ನೆ ಆಸ್ಪತ್ರೆಯಿಂದ ಬಂದ ಮಗಳು ಹೇಳಿದಳು: "ಅಮ್ಮ, ಮಗುವನ್ನು ಮೀಯಿಸ್ಲಿಕ್ಕೆ ಕಮಲಕ್ಕನನ್ನು ಕರೆಯುವ. ನನ್ನನ್ನೂ ಅವರೇ ಮೀಯಿಸಿದ್ದಲ್ವಾ?"

ಸಿದ್ಧಕಟ್ಟೆಯ ನಮ್ಮ ಸುತ್ತಿನ ಏಳು ಮನೆಗಳ ಮಕ್ಕಳನ್ನೆಲ್ಲ ಕಾಲಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ಮೀಯಿಸಿದವಳು ನೀನು. ಉಳಿದ ದಿನ ನನ್ನ ಮನೆಯ ಕೆಲಸ. ಬೋರ್‌ವೆಲ್ ನೀರಿನ ಕೆಂಪು ಕಲೆ ಬಚ್ಚಲಿನ ಬಿಳಿ ಟೈಲ್ಸಿನ ಮೇಲೆ ಕೂತರೆ ನನಗೆ ನೆಂಟರೆದುರು ನಾಚಿಕೆ. ಬಿ.ಸಿ.ರೋಡ್ ಪೇಟೆಯಿಂದ ಆ್ಯಸಿಡ್ ತಂದೆ. ಅಂಗಡಿಯವ ಬಿಡಿಸಿ ಹೇಳಿದ್ದ: "ಬರಿಗೈ ಹಾಕ್ಬೇಡಿ ಅಕ್ಕ. ತೋಡಿಗೂ ಬಿಡ್ಬೇಡಿ, ಮೀನು ಸಾಯ್ತದೆ."

ನಿನಗೆ ಹೇಳಲಿಲ್ಲ. ಹೇಳಿ, ನೀನು ಆಗುವುದಿಲ್ಲ ಎಂದರೆ — ಟೈಲ್ಸ್ ಯಾರು ಉಜ್ಜುವುದು? ವಾರವಾರ ಉಜ್ಜಿಸಿದೆ. ನೀನು ಕೆಮ್ಮಿದರೆ ಕಿಟಕಿ ತೆರೆ ಎಂದೆ. ಬಚ್ಚಲ ನೀರು ತೋಡಿಗೆ ಹೋಗಿ ಕಲ್ಲುಸಂದಿನ ಮೀನುಮರಿಗಳು ಹೊಟ್ಟೆ ಮೇಲಾಗಿ ತೇಲಿದವು. ಕೆಳಗೆ ನೀನು ಬಟ್ಟೆ ಒಗೆಯುವುದೂ ಅದೇ ನೀರಿನಲ್ಲಿ — ಅದೂ ಗೊತ್ತಿತ್ತು. ಬಂದವರೆಲ್ಲ ನನ್ನ ಮನೆಯ ಚೊಕ್ಕವನ್ನು ಹೊಗಳಿದರು.

ನಿನ್ನ ಬೆರಳು ಬಿರಿದು ತೊಗಲು ಎದ್ದಾಗ ನೆರೆಮನೆಯ ಶೀಲಕ್ಕ ಕೇಳಿದರು — ಅವರ ಸೊಸೆ ಆಗಷ್ಟೇ ಹೆತ್ತಿದ್ದಳು: "ಕಮಲನ ಕೈಗೆ ಎಂತದು ಮಾರಾಯ್ತಿ?"

"ಕಜ್ಜಿಯೋ ಎಂತದೋ. ಹಬ್ಬುವಂಥದ್ದಿರ್ಬೇಕು. ಮಗುವನ್ನು ಕೊಡ್ಬೇಡಿ," ಎಂದೆ.

ಆ್ಯಸಿಡ್ ಎಂದಿದ್ದರೆ ಮಾತು ನನ್ನ ಮೇಲೆ ಬರುತ್ತಿತ್ತು. ಅಷ್ಟೇ. ಸುದ್ದಿ ಏಳೂ ಮನೆಗೆ ಹೋಯಿತು. ಕೈ ವಾಸಿಯಾದ ಮೇಲೂ ಯಾರೂ ನಿನ್ನ ಮಡಿಲಿಗೆ ಮಗುವನ್ನು ಹಾಕಲಿಲ್ಲ. ನೀನು ಬೀಡಿ ಕಟ್ಟಲು ಕೂತೆ. "ನನ್ನ ಕೈಗುಣ ಹೋಯ್ತು ಅಕ್ಕ," ಎಂದು ನನ್ನ ಹತ್ತಿರವೇ ಹೇಳಿದೆ. ನಾನು ನಿನಗೆ ಚಾ ಕೊಟ್ಟೆ.

ಇವತ್ತು ಬೆಳಿಗ್ಗೆ ಶೀಲಕ್ಕನ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೇಳಿದ್ದು ಒಂದೇ:

"ಎಂಟು ವರ್ಷ ಆಯ್ತಲ್ಲ. ಮೊಮ್ಮಗಳು ಬಂದ ಮೇಲೆ ನೆನಪಾದ್ದಾ ನಿನಗೆ?"

ಹೌದು ಎಂದೆ.

ಇನ್ನು ಆರು ಮನೆ ಉಳಿದಿದೆ. ಅಲ್ಲೆಲ್ಲ ಹೇಳಿ ಮುಗಿಸಿ ನಿನ್ನಲ್ಲಿಗೆ ಬರುತ್ತೇನೆ. ಮಗುವನ್ನು ಮೀಯಿಸಲು ಕರೆಯಲಿಕ್ಕಲ್ಲ — ಕರೆಯುವ ಮುಖ ನನಗಿಲ್ಲ. ನೀನು ಬೈಯುವುದನ್ನು ಅಂಗಳದಲ್ಲಿ ನಿಂತು ಪೂರ್ತಿ ಕೇಳಲಿಕ್ಕೆ.