ಇಂಗ್ಲಿಷ್ ಪರೀಕ್ಷೆಗೆ ಹೋದ ಸಿಸಿಲಿ

ಮೊನ್ನೆ ಬಿಜೈಯಲ್ಲಿ ನನ್ನ ರಿಕ್ಷಾಕ್ಕೆ ಒಬ್ಬಳು ನರ್ಸ್ ಹುಡುಗಿ ಹತ್ತಿದಳು. ಕಾವೂರಿಗೆ ಹೋಗಬೇಕಿತ್ತು. ಹಿಂದೆ ಕೂತು ಇಂಗ್ಲಿಷ್ ಶಬ್ದಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಒಂದೊಂದು ಶಬ್ದಕ್ಕೂ ಗುರುತಿನವರೊಬ್ಬರನ್ನು ಅಂಟಿಸುವುದು ಅವಳ ಕ್ರಮ. ಸಿಟ್ಟಿನ ಶಬ್ದಕ್ಕೆ ಮ್ಯಾಟ್ರನ್, ಜಿಪುಣತನದ್ದಕ್ಕೆ ಸೋದರಮಾವ. ಒಂದು ಶಬ್ದ ಮಾತ್ರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

"ಅಂಕಲ್, ನಾಳೆ ಪರೀಕ್ಷೆ. ಫೇಲಾದ್ರೆ ಫಾರಿನ್ ಕೆಲಸ ಹೋಯ್ತು. ಗ್ಯಾರುಲಸ್ ಅಂದ್ರೆ ತುಂಬಾ ಮಾತಾಡುವವರು. ನಿಮಗೆ ಅಂಥವರು ಯಾರಾದ್ರೂ ಗೊತ್ತುಂಟಾ?"

"ನನ್ನ ಹೆಂಡತಿ ಸಿಸಿಲಿ" ಎಂದೆ. "ಬಂದರಿನಲ್ಲಿ ಬಂಗುಡೆ ಮೀನು ತಗೊಳ್ಳಲಿಕ್ಕೆ ನಿಂತರೆ ಐಸ್ ಕರಗುವವರೆಗೆ ಮಾತು."

"ಆಗ ನೀವೆಂತ ಮಾಡ್ತೀರಿ?"

"ಚೀಲ ಹಿಡ್ಕೊಂಡು ನಿಲ್ತಿದ್ದೆ ಮಾರಾಯ್ತಿ."

ಅವಳು ಜೋರಾಗಿ ನಕ್ಕಳು. "ಆಂಟಿಯನ್ನು ಕೇಳಿದೆ ಅಂತ ಹೇಳಿ."

"ಹೇಳ್ತೇನೆ" ಎಂದೆ. ಸಿಸಿಲಿ ತೀರಿಹೋಗಿ ವರ್ಷವಾಯಿತು ಎನ್ನಲಿಲ್ಲ. ಬೇಸರದಲ್ಲಿ ಹುಡುಗಿಗೆ ಶಬ್ದ ಮರೆತರೆ ಕಷ್ಟ.

ಇಳಿದ ಮೇಲೂ "ಗ್ಯಾರುಲಸ್, ಸಿಸಿಲಿ ಆಂಟಿ" ಅನ್ನುತ್ತಲೇ ಗೇಟಿನೊಳಗೆ ಹೋದಳು.

ಪರೀಕ್ಷೆಯ ಹಾಲ್‌ನಲ್ಲಿ ಯಾರೂ ಮಾತಾಡಬಾರದಂತೆ. ಸಿಸಿಲಿಯನ್ನು ಕರ್ಕೊಂಡು ಹೋದ ಆ ಹುಡುಗಿ ಎಷ್ಟು ಕಷ್ಟಪಟ್ಟಳೋ.