ಹೊಸ್ತಿಲ ಬೆಳಕಿನಲ್ಲಿ ಕೂಸು

ಬರಗಾಲದ ಎರಡನೆಯ ಬೇಸಿಗೆ. ಹಸುಗೂಸುಗಳ ಕಾಮಾಲೆಯನ್ನು ಬೇಗ ಗುರುತಿಸುವುದು ಹೇಗೆಂದು ಸುತ್ತಲಿನ ವೈದ್ಯರಿಗೆ ಕಲಿಸಲು ಕಾಸಾರಶಿರಸಿಗೆ ಹೋಗಿದ್ದೆ. ಹಿಂದಿನ ಬೆಂಚಿನಲ್ಲಿ ವಿಭೂತಿ ಹಚ್ಚಿದ, ಕಾವಿ ರುಮಾಲಿನ ಹಿರಿಯರೊಬ್ಬರು ಕೂತಿದ್ದರು. ಆಶೀರ್ವಾದಕ್ಕೆ ಬಂದಿದ್ದಾರೆಂದುಕೊಂಡು ಮುಂದೆ ಕುರ್ಚಿ ಹಾಕಿಸಿ, "ಎರಡು ಮಾತಾಡ್ರಿ, ಅಯ್ಯನವರ" ಅಂದೆ.

"ಮಾತಾಡ್ಲಾಕ ಬಂದಿಲ್ಲರಿ. ಕಲೀಲಾಕ ಬಂದೀನಿ."

ನನ್ನ ಮುಖ ಸಣ್ಣದಾಯಿತು. ಅವರನ್ನು ಕರೆತಂದವರು ಆ ಊರಿನ ಡಾಕ್ಟರಬಾಯಿ. "ಕೂಸು ಹುಟ್ಟಿದ ಮನಿಗೆ ಲಿಂಗ ಕಟ್ಲಾಕ ಇವರು ಹೋಗೇ ಹೋಗ್ತಾರ್ರಿ. ನನ್ನ ಕರಿಯೋದು ಕೂಸು ಮೊಲಿ ಹಿಡಿಯೋದು ಬಿಟ್ಟ ಮ್ಯಾಲ" ಎಂದರು.

ಅಯ್ಯನವರದು ಒಂದೇ ಪ್ರಶ್ನೆ. "ಕೂಸಿನ ಮೈತುಂಬ ಅರಿಷಿಣ ಹಚ್ಚಿರ್ತಾರ. ಎರೀಲಾಕ ನೀರಿಲ್ಲ, ಅದು ಹಂಗೇ ಉಳೀತದ. ಕಾಮಾಲಿ ಹಳದಿ ಯಾವುದಂತ ತಿಳಿಯೋದು ಹ್ಯಾಂಗ?"

ನಾನು ತೋರಿಸಿದ ಚಿತ್ರಗಳ ಕೂಸುಗಳೆಲ್ಲ ಚೆನ್ನಾಗಿ ಮಿಂದು ಬಂದವು. "ಕಣ್ಣಿನ ಬಿಳುಪು ನೋಡ್ರಿ, ವಸಡು ನೋಡ್ರಿ. ಬಾಗಿಲ ಬೆಳಕಿನಾಗ" ಎಂದೆ. ಹೇಳಿದ ಮೇಲೆ ನನಗೇ ಅನುಮಾನ. ಬಾಣಂತಿಯ ಕತ್ತಲ ಕೋಣೆಯಿಂದ ಕೂಸನ್ನು ಬಾಗಿಲಿಗೆ ತರುವವರು ಯಾರು?

"ನೀವು ಹೇಳಿದ್ರ ತರಂಗಿಲ್ಲ" ಎಂದರು ಅಯ್ಯನವರು. "ನಾ ಹೇಳಿದ್ರ ತರ್ತಾರ."

ತಂದರು. ಮರುವರ್ಷ ಹೋದಾಗ, ಕೂಸುಗಳು ಈಗ ಹಾಲು ಕುಡಿಯುತ್ತಿರುವಾಗಲೇ ಆಸ್ಪತ್ರೆಗೆ ಬರುತ್ತವೆ ಎಂದು ಡಾಕ್ಟರಬಾಯಿ ಹೇಳುತ್ತಿದ್ದರು. ಅಷ್ಟರಲ್ಲಿ ಒಬ್ಬ ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಬೇರೆ ಊರಿನ ಅಯ್ಯನವರು ಕೋಣೆಯಲ್ಲೇ ಲಿಂಗ ಕಟ್ಟಿ ಹೋಗಿದ್ದರಂತೆ.

"ಬಾಗಿಲಿಗೆ ತರಿಸ್ಲಿಲ್ಲ, ಕಣ್ಣ ನೋಡ್ಲಿಲ್ಲ. ಲಿಂಗ ಕಟ್ಟಿದ್ದು ಪೂರಾ ಆಗಿಲ್ಲರಿ. ಉಳಿದದ್ದು ನೀವು ಮಾಡ್ರಿ."

ಕೂಸನ್ನು ಬಾಗಿಲಿಗೆ ಒಯ್ದು, ಕಣ್ಣು ನೋಡಿ, ಶಾಸ್ತ್ರ ಮುಗಿಸಿದೆ. ಅಜ್ಜಿ ನನ್ನ ಕೈಗೊಂದು ತೆಂಗಿನಕಾಯಿ ಇಟ್ಟಳು.