ಓಲೆಯಿಲ್ಲದ ಕಿವಿ

ಹಳೆಯ ಪೋಸ್ಟರ್ ಕಲರ್ ಸೀಸೆಯ ಮುಚ್ಚಳ ತೆಗೆದರೆ ಒಂದು ಕೆಟ್ಟ ವಾಸನೆ ಬರುತ್ತದೆ. ಹಳಸಿದ ಹಿಟ್ಟು, ಒದ್ದೆ ಸುಣ್ಣ ಎರಡೂ ಸೇರಿದ ಹಾಗೆ. ಹೋದ ತಿಂಗಳು ಮಗಳ ಪುಸ್ತಕದ ಕಪಾಟು ಒಪ್ಪ ಮಾಡುವಾಗ ಅಂಥದೊಂದು ಸೀಸೆ ಸಿಕ್ಕಿತು. ವಾಸನೆ ಮೂಗಿಗೆ ಬಡಿದ ಕೂಡಲೇ ನಮ್ಮ ಡ್ರಾಯಿಂಗ್ ಮಿಸ್ ನೆನಪಾದರು. ಪ್ರೀತಿಯಿಂದ ನೆನಪಾದರು ಎಂದರೆ ಸುಳ್ಳಾಗುತ್ತದೆ. ಅವರ ಮೇಲೆ ನನಗೆ ಇಪ್ಪತ್ತು ವರ್ಷದ ಸಿಟ್ಟಿತ್ತು.

ನಾನು ಓದಿದ್ದು ಬಸವೇಶ್ವರನಗರದ ಕಡೆಯ ಒಂದು ಕಾನ್ವೆಂಟಿನಲ್ಲಿ. ಸಿಸ್ಟರ್‌ಗಳು ನಡೆಸುತ್ತಿದ್ದ ಹೆಣ್ಣುಮಕ್ಕಳ ಹೈಸ್ಕೂಲು. ಮಿಸ್ ಕುರುಬರಹಳ್ಳಿಯಿಂದ ನಡೆದೇ ಬರುತ್ತಿದ್ದರು. ಕಾಟನ್ ಸೀರೆ, ಅದರ ಅಂಚಿನಲ್ಲಿ ಯಾವಾಗಲೂ ಒಂದಲ್ಲ ಒಂದು ಬಣ್ಣದ ಕಲೆ. ನಗುವುದು ಕಡಿಮೆ, ಹೊಗಳುವುದು ಇನ್ನೂ ಕಡಿಮೆ. ಹತ್ತನೇ ಕ್ಲಾಸಿಗೆ ಅವರ ಪಿರಿಯಡ್ ವಾರಕ್ಕೆ ಒಂದೇ, ಶುಕ್ರವಾರದ ಕೊನೆಯದು. ಅದನ್ನೂ ಮ್ಯಾಥ್ಸ್ ಮಿಸ್ ಕೇಳಿ ತೆಗೆದುಕೊಳ್ಳುತ್ತಿದ್ದರು. ಕೇಳಿ ಎನ್ನುವುದು ಬರೀ ಮಾತಿಗೆ... ನಮ್ಮ ಮಿಸ್ ಬಣ್ಣದ ಸೀಸೆಗಳ ಟ್ರೇ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಬೋರ್ಡಿನ ಮೇಲೆ ಪ್ರಮೇಯ ಅರ್ಧ ಮುಗಿದಿರುತ್ತಿತ್ತು. ಅವರು ಒಂದು ಗಳಿಗೆ ನಿಂತು ಹಿಂದಿರುಗುತ್ತಿದ್ದರು. ಬಣ್ಣಗಳು ಸೀಸೆಯಲ್ಲೇ ಹಳಸುತ್ತಿದ್ದವು.

ಕ್ರಿಸ್‌ಮಸ್‌ಗೆ ಮೊದಲು ಶಾಲೆಯಿಂದ ಹೆಗ್ಗನಹಳ್ಳಿಯ ಒಂದು ವೃದ್ಧಾಶ್ರಮಕ್ಕೆ ಹೋಗುವುದು ರೂಢಿ. ಸೋಪು, ಬಿಸ್ಕತ್ತು, ಎರಡು ಕ್ಯಾರಲ್ ಹಾಡು, ಒಂದು ಗ್ರೂಪ್ ಫೋಟೋ. ಗಂಟೆಯೊಳಗೆ ವ್ಯಾನ್ ಹತ್ತಿ ವಾಪಸ್. ಆ ವರ್ಷ ಅದರ ಜವಾಬ್ದಾರಿ ಡ್ರಾಯಿಂಗ್ ಮಿಸ್‌ಗೆ ಬಂತು. ಅವರು ಬೇರೆಯೇ ಹಟ ಹಿಡಿದರು.

“ಕೊಟ್ಟು ಓಡಿ ಬರೋದಕ್ಕಾದ್ರೆ ನಾನು ಬರಲ್ಲ” ಎಂದರು. “ಒಬ್ಬೊಬ್ಬರು ಒಂದು ಅಜ್ಜಿ ಹತ್ರ ಕೂತ್ಕೊಳ್ಳಿ. ಮುಖ ನೋಡಿ, ಮಾತಾಡ್ಸಿ, ಚಿತ್ರ ಬರೆದು ಅವರಿಗೇ ಕೊಡಿ. ನಾಲ್ಕು ಶನಿವಾರ ಬೇಕಾಗುತ್ತೆ.”

ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಅದು ಹೇಗೋ ಒಪ್ಪಿದರು. ನಾವು ಹನ್ನೆರಡು ಜನ ಹೋದೆವು.

ನನ್ನ ಪಾಲಿಗೆ ಬಂದ ಅಜ್ಜಿ ಮಾಗಡಿ ಕಡೆಯವರು. ಕಿಟಕಿ ಪಕ್ಕದ ಮಂಚ. ಬಹಳ ವರ್ಷ ಭಾರದ ಓಲೆ ಹಾಕಿ ಕಿವಿ ಜೋತುಬಿದ್ದಿದ್ದವು. ಓಲೆ ಇರಲಿಲ್ಲ, ಉದ್ದನೆಯ ತೂತು ಮಾತ್ರ ಇತ್ತು. ಮೊದಲ ಶನಿವಾರ ಮುಖ ಮುಗಿಯಿತು. ಎರಡನೆಯ ಶನಿವಾರ ಆ ಕಿವಿಗಳನ್ನು ನಾನು ತುಂಬ ಕಾಳಜಿಯಿಂದ ಬಿಡಿಸಿದೆ. ಅಷ್ಟು ಚೆನ್ನಾಗಿ ನಾನು ಅದುವರೆಗೆ ಏನನ್ನೂ ಬಿಡಿಸಿರಲಿಲ್ಲ. ಅಜ್ಜಿ ಹಾಳೆ ನೋಡಿ ಮುಖ ತಿರುಗಿಸಿದರು.

“ಕಿವಿ ಬೋಳಾಗೈತಲ್ಲವ್ವ. ಓಲೆ ಬರಿ.”

“ನಿಮ್ಮ ಕಿವೀಲಿ ಇಲ್ವಲ್ಲಜ್ಜಿ.”

“ಇತ್ತು ಕಣವ್ವ. ಕೆಂಪಿನ್ವು.”

ನಾನು ಮಿಸ್ ಕಡೆ ನೋಡಿದೆ. ಕಂಡದ್ದನ್ನೇ ಬರೆಯಿರಿ ಎಂದು ಎಂಟನೇ ಕ್ಲಾಸಿನಿಂದ ಹೇಳುತ್ತ ಬಂದವರು ಅವರೇ. ಈಗ ಅವರು, “ಹಾಕಿಕೊಡು, ಅವರ ಚಿತ್ರ ಅದು” ಎಂದರು. ಹೊತ್ತಾಗಿತ್ತು, ವ್ಯಾನ್ ಹಾರ್ನ್ ಹೊಡೆಯುತ್ತಿತ್ತು. ಮುಂದಿನ ಶನಿವಾರ ಓಲೆ ಹಾಕಿ ತರುತ್ತೇನೆ ಎಂದು ಅಜ್ಜಿಯ ಕೈ ಹಿಡಿದು ಹೇಳಿ ಬಂದೆ.

ಮುಂದಿನ ಶನಿವಾರ ಬರಲೇ ಇಲ್ಲ. ಗುರುವಾರ ಹೆಡ್‌ಮಿಸ್ಟ್ರೆಸ್ ಕ್ಲಾಸಿಗೆ ಬಂದು, ಮಿಡ್‌ಟರ್ಮ್ ಮಾರ್ಕ್ಸ್ ಕಮ್ಮಿಯಾಗಿದೆ, ಇನ್ನು ಮೇಲೆ ಶನಿವಾರ ಮ್ಯಾಥ್ಸ್ ಸ್ಪೆಷಲ್ ಕ್ಲಾಸ್ ಎಂದರು. ಡ್ರಾಯಿಂಗ್ ಮಿಸ್ ಅವರ ಹಿಂದೆಯೇ ಬಂದಿದ್ದರು. “ಮಕ್ಕಳು ಮಾತು ಕೊಟ್ಟು ಬಂದಿದಾರೆ ಸಿಸ್ಟರ್. ಅವರನ್ನೇ ಒಂದು ಸಲ ಕೇಳಿ” ಎಂದರು. ಸಿಸ್ಟರ್ ನಮ್ಮ ಕಡೆ ತಿರುಗಿ, ಆಶ್ರಮಕ್ಕೆ ಹೋಗುವವರು ಯಾರು, ಕೈ ಎತ್ತಿ ಎಂದರು.

ಮ್ಯಾಥ್ಸ್‌ನಲ್ಲಿ ನನಗೆ ಮೂವತ್ತೊಂದು ಬಂದು ಅಪ್ಪ ಒಂದು ವಾರ ಮಾತು ಬಿಟ್ಟಿದ್ದರು... ಕೈ ಡೆಸ್ಕಿನ ಮೇಲೇ ಇತ್ತು. ನನ್ನದಷ್ಟೇ ಅಲ್ಲ, ಹನ್ನೆರಡು ಜನರಲ್ಲಿ ಒಬ್ಬಳೂ ಎತ್ತಲಿಲ್ಲ. ಮಿಸ್ ನಮ್ಮನ್ನು ಒಂದು ಸುತ್ತು ನೋಡಿ, “ಸರಿ ಸಿಸ್ಟರ್” ಎಂದು ಹೊರಟುಹೋದರು.

ಆಮೇಲೆ ಆಶ್ರಮಕ್ಕೆ ಅವರೊಬ್ಬರೇ ಬಸ್ಸಿನಲ್ಲಿ ಹೋಗುತ್ತಿದ್ದರು. ಒಂದು ಸೋಮವಾರ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದರು. “ನಿಮ್ಮಜ್ಜಿ ಕೇಳಿದ್ರು. ಆ ಹುಡುಗಿ ಎಲ್ಲಿ ಅಂತ.” ಮಾರನೆಯ ದಿನವೇ ನಾನು ಕೆಂಪು ಹರಳಿನ ಓಲೆ ಬಿಡಿಸಿದ ಚಿತ್ರವನ್ನು ಸುರುಳಿ ಸುತ್ತಿ ಅವರ ಬಳಿಗೆ ಒಯ್ದೆ.

“ನೀವು ಹೋಗ್ತೀರಲ್ಲ ಮಿಸ್, ಕೊಟ್ಬಿಡಿ.”

“ಮಾತು ಕೊಟ್ಟಿದ್ದು ನಾನಾ? ನೀನೇ ಹೋಗಿ ಕೊಡು” ಎಂದರು. ಚಿತ್ರವನ್ನು ಮುಟ್ಟಲಿಲ್ಲ.

ಎಂಥ ಹಟ ಅದು. ಹದಿನೈದು ವರ್ಷದ ಹುಡುಗಿಗೆ ಒಬ್ಬಳೇ ಹೆಗ್ಗನಹಳ್ಳಿಗೆ ಹೋಗಲು ಮನೆಯಲ್ಲಿ ಬಿಡುವುದಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲವೇ? ಅಮ್ಮನನ್ನು ಕೇಳಿದರೆ ಪರೀಕ್ಷೆ ಮುಗಿಯಲಿ ಎಂದರು. ಮುಗಿದ ಮಾರನೆಯ ದಿನವೇ ಅಮ್ಮನ ಜೊತೆ ಹೋದೆ. ಕಿಟಕಿ ಪಕ್ಕದ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ಅಜ್ಜಿ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೇ ತೀರಿಕೊಂಡರು ಎಂದು ಅಲ್ಲಿನ ಸಿಸ್ಟರ್ ಹೇಳಿದರು.

ನಾನು ಅಳುತ್ತಲೇ ಶಾಲೆಗೆ ಬಂದೆ. ಮಿಸ್ ಸ್ಟಾಫ್ ರೂಮಿನಲ್ಲಿ ಬ್ರಷ್ ತೊಳೆಯುತ್ತಿದ್ದರು. ಅಜ್ಜಿ ಹೋಗಿಬಿಟ್ಟರು ಎಂದೆ.

“ಹೌದು. ಗೊತ್ತು.”

“ಯಾಕೆ ಹೇಳ್ಲಿಲ್ಲ ಮಿಸ್?”

“ಪರೀಕ್ಷೆ ಇತ್ತಲ್ಲ ನಿನಗೆ.”

ಅಷ್ಟೇ. ತಲೆ ಎತ್ತಲೂ ಇಲ್ಲ. ಹುಡುಗಿಯ ಓದು ಕೆಡದಿರಲಿ ಎಂಬ ಕರುಣೆಯೋ, ಕೈ ಎತ್ತದವಳಿಗೆ ಕೊಟ್ಟ ಏಟೋ... ಆಮೇಲಿನ ಇಪ್ಪತ್ತು ವರ್ಷ ಆ ಮಾತನ್ನು ಎರಡೂ ದನಿಯಲ್ಲಿ ಹೇಳಿಕೊಂಡು ನೋಡಿದ್ದೇನೆ. ಎರಡೂ ಒಪ್ಪುತ್ತವೆ. ನನಗೆ ಮ್ಯಾಥ್ಸ್‌ನಲ್ಲಿ ಎಪ್ಪತ್ತೆರಡು ಬಂತು. ಆ ಅಂಕವನ್ನು ಇವತ್ತಿನವರೆಗೆ ಯಾರೂ ನನ್ನನ್ನು ಕೇಳಿಲ್ಲ.

ಹೋದ ಭಾನುವಾರ ಕುರುಬರಹಳ್ಳಿಗೆ ಹೋದೆ. ಹಾಲಿನ ಬೂತಿನವರನ್ನು ವಿಚಾರಿಸಿ ಮನೆ ಹುಡುಕಿದೆ. ನೇರವಾಗಿ ಕೇಳಿಬಿಡಬೇಕು, ಬೇಕಾದರೆ ಜಗಳವನ್ನೇ ಆಡಬೇಕು ಎಂದುಕೊಂಡಿದ್ದೆ. ಬಾಗಿಲು ತೆಗೆದವರು ಅವರ ತಂಗಿ. ಮಿಸ್ ತೀರಿಕೊಂಡು ಎರಡು ವರ್ಷವಾಯಿತಂತೆ. ಮಂಡಿ ಪೂರ್ತಿ ಸೋಲುವ ತನಕ ಪ್ರತಿ ಶನಿವಾರ ಆಶ್ರಮಕ್ಕೆ ಹೋಗುತ್ತಿದ್ದರಂತೆ.

ನಾನು ಹೆಸರು ಹೇಳಿ, ನನ್ನ ಬಗ್ಗೆ ಏನಾದರೂ ಹೇಳುತ್ತಿದ್ದರೇ ಎಂದು ಕೇಳಿದೆ. ಆಕೆ ಪ್ರಾಮಾಣಿಕವಾಗಿ ಯೋಚಿಸಿದರು.

“ಇಲ್ಲಮ್ಮ. ಸ್ಟೂಡೆಂಟ್ಸ್ ಬಗ್ಗೆ ಅಕ್ಕ ಮನೇಲಿ ಮಾತೇ ಆಡ್ತಿರ್ಲಿಲ್ಲ. ಕಾಫಿ ಕುಡಿದು ಹೋಗಿ.”

ಕಾಫಿ ಕುಡಿದೆ. ಗೋಡೆಯ ಮೇಲೆ ಮಿಸ್ ಫೋಟೋ ಇತ್ತು, ನಗುತ್ತಿರಲಿಲ್ಲ. ಕೇಳಲು ಬಂದದ್ದಕ್ಕೆ ಮಿಸ್ ಒಬ್ಬರೇ ಉತ್ತರ ಹೇಳಬಹುದಿತ್ತು. ಆ ತಂಗಿಯನ್ನು ಕೇಳಿ ಪ್ರಯೋಜನವಿರಲಿಲ್ಲ. ಲೋಟ ಕೆಳಗಿಟ್ಟು, ಬರ್ತೀನಮ್ಮ ಎಂದು ಎದ್ದು ಬಂದೆ. ಸಿಟ್ಟು ಇನ್ನೂ ಇದೆ. ತೀರಿಸಿಕೊಳ್ಳಲು ಅವರಿಲ್ಲ.